ಇಂದಿನ ಧಮ್ಮ ಚಿಂತನೆ: ಸೋರುವ ಜಾಗ



ನಮ್ಮ ಮನೆಯಲ್ಲಿ ಒಂದು ಕಾರಿದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು 11 ವರ್ಷವಾಯಿತು. ಸೀಟು ಸೋಫಾದ ಹಾಗೆ. ಮಡಿಕೇರಿಯಿಂದ ಮೈಸೂರಿಗೆ ಹೋಗಿ ಬಂದರೂ ಬೆನ್ನು ನೋಯುವುದಿಲ್ಲ. ಆದರೆ ಏರು ಸಿಕ್ಕಿದರೆ ಎಂಜಿನ್ ಹೀಟ್ ಆಗುತ್ತದೆ. ರೇಡಿಯೇಟರ್ ಒಮ್ಮೆ, ವಾಟರ್ ಪಂಪ್ ಒಮ್ಮೆ, ಹೆಡ್ ಗ್ಯಾಸ್ಕೆಟ್ ಎರಡು ಸಲ ಬದಲಾಯಿತು. ಕಳೆದ ವರ್ಷ ಮತ್ತೆ ಹೀಟ್ ಆಗತೊಡಗಿತು. ನಾನು ಬಾಟಲಿಯಿಂದ ನೀರು ಸುರಿದು ಓಡಿಸುತ್ತಿದ್ದೆ. ಎಲ್ಲಿ ಸೋರುತ್ತಿದೆ ಎಂದು ನೋಡಿಸಲಿಲ್ಲ.

ಮಳೆಗಾಲದ ಒಂದು ರಾತ್ರಿ ಪಕ್ಕದ ಮನೆಯವರಿಗೆ ಎದೆನೋವು ಬಂತು. ಅವರ ಹೆಂಡತಿ ಓಡಿಬಂದು, "ಅಣ್ಣಾ, ನಿಮ್ಮ ಗಾಡಿ ಸರಿ ಉಂಟಾ? ಇಲ್ಲಾಂದ್ರೆ ಜೀಪು ಕರೀತೀವಿ" ಎಂದರು. "ಏನೂ ಆಗಲ್ಲಮ್ಮ, ಬನ್ನಿ" ಎಂದೆ. ಸುಂಟಿಕೊಪ್ಪ ದಾಟಿ ಮಡಿಕೇರಿಯ ಏರಿನಲ್ಲಿ ಗಾಡಿ ನಿಂತಿತು. ಸುರಿಯುವ ಮಳೆಯಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಒಂದು ಪಿಕಪ್ ಸಿಕ್ಕಿತು. ಅವರು ಉಳಿದರು. ಮನೆಗೆ ಬಂದಾಗ ನನ್ನ ಹೆಂಡತಿ ಇಷ್ಟೇ ಹೇಳಿದಳು: "ಗಾಡಿ ಕೆಟ್ಟಿದ್ದಕ್ಕೆ ಬೇಜಾರಿಲ್ಲ ರೀ. ಗೊತ್ತಿದ್ದೂ ಹೇಳಲಿಲ್ಲವಲ್ಲ."

ಯಾಕೆ ಹೇಳಲಿಲ್ಲ? ನಾನು ಹುಟ್ಟಿದ್ದು ತೋಟದ ಲೈನ್ ಮನೆಯಲ್ಲಿ. ಅಪ್ಪ ಸಾಹುಕಾರರ ಜೀಪಿನ ಹಿಂದೆ ನಿಂತುಕೊಂಡೇ ಹೋದವರು. ಒಳಗೆ ಸೀಟಿನಲ್ಲಿ ಕುಳಿತದ್ದು ಮೊದಲು ಈ ಕಾರಿನಲ್ಲಿ. 1901ರಲ್ಲಿ ಬಾಲಕ ಭೀಮರಾವ್ ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಜಾತಿ ತಿಳಿದ ಗಾಡಿಯವರು ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಎತ್ತಿನಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಇಂಥ ಚರಿತ್ರೆ ಇರುವ ನಮಗೆ ಸ್ವಂತ ಗಾಡಿ ಎಂದರೆ ಘನತೆ. ಅದರಲ್ಲಿ ತಪ್ಪಿಲ್ಲ. ಧರ್ಮವು ಬಡತನವನ್ನು ಪವಿತ್ರವೆಂದು ಹೊಗಳಬಾರದು ಎಂದು ಬಾಬಾಸಾಹೇಬರು 1950ರ ಲೇಖನದಲ್ಲೇ ಸ್ಪಷ್ಟಪಡಿಸಿದ್ದಾರೆ.

ಆದರೆ ನನ್ನ ಘನತೆ ಯಾವಾಗಲೋ ಉಪಾದಾನವಾಗಿತ್ತು, ಅಂಟಾಗಿತ್ತು. ಮಿಲಿಂದ ಪನ್ಹದಲ್ಲಿ ನಾಗಸೇನರು ರಾಜನನ್ನು ಕೇಳುತ್ತಾರೆ: ಚಕ್ರವೇ ರಥವೇ? ಅಚ್ಚೇ ರಥವೇ? ಯಾವ ಒಂದು ಭಾಗವೂ ರಥವಲ್ಲ. ಎಲ್ಲ ಕೂಡಿದಾಗ ಇಟ್ಟ ಹೆಸರು ಅದು. ನನ್ನ ಕಾರಿನ ಅರ್ಧ ಭಾಗಗಳು ಬದಲಾಗಿದ್ದವು. ಆದರೂ "ಗಾಡಿ ಸರಿಯಿಲ್ಲ" ಎಂದರೆ "ನಾನು ಸರಿಯಿಲ್ಲ" ಎಂದಂತೆ ಕೇಳಿಸುತ್ತಿತ್ತು. ಆ "ನಾನು" ಉಳಿಯಲೆಂದು ಒಂದು ಜೀವವನ್ನು ಅಪಾಯಕ್ಕೆ ಒಡ್ಡಿದೆ. ಪಂಚಶೀಲದ ನಾಲ್ಕನೆಯ ಶೀಲ ಅಲ್ಲೇ ಮುರಿಯಿತು.

ಭಗವಾನ್ ಬುದ್ಧರನ್ನು ನೆನೆಯಿರಿ. ವೈಶಾಲಿಯ ಬಳಿ, ತಮಗೆ 80 ವರ್ಷವಾದಾಗ, ತಮ್ಮ ದೇಹವು ಪಟ್ಟಿ ಬಿಗಿದು ಹೇಗೋ ಓಡಿಸುತ್ತಿರುವ ಹಳೆಯ ಬಂಡಿಯಂತಾಗಿದೆ ಎಂದು ಅವರು ಆನಂದನಿಗೆ ಹೇಳಿದರು. ಮಹಾಪರಿನಿಬ್ಬಾನ ಸುತ್ತದಲ್ಲಿ ಈ ಪ್ರಸಂಗವಿದೆ. ಜಗತ್ತಿನ ಗುರು ತಮ್ಮ ಸವೆತವನ್ನು ಮುಚ್ಚಿಡಲಿಲ್ಲ. ಹಳೆಯದಾಗುವುದು ಅವಮಾನವಲ್ಲ, ಅನಿತ್ಯದ ನಿಯಮ.

ನಾಲ್ಕು ಆರ್ಯಸತ್ಯಗಳೂ ಇದನ್ನೇ ಕಲಿಸುತ್ತವೆ. ನೀರು ಸುರಿದರೆ ಮುಳ್ಳು ಕೆಳಗಿಳಿಯುತ್ತದೆ, ಸೋರಿಕೆ ನಿಲ್ಲುವುದಿಲ್ಲ. ದುಃಖವಿದೆ ಎಂದು ಒಪ್ಪಿ, ಅದರ ಕಾರಣ ಹುಡುಕಬೇಕು. ಮರುದಿನ ಗ್ಯಾರೇಜಿನಲ್ಲಿ ನೋಡಿಸಿದಾಗ ಸಿಕ್ಕಿದ್ದು ಬಿರುಕು ಬಿಟ್ಟ ಒಂದು ಹೋಸ್ ಪೈಪು. ಖರ್ಚು ಬಹಳ ಆಗಲಿಲ್ಲ. ಪಕ್ಕದ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುವುದೇ ಕಷ್ಟವಾಯಿತು. ಆ ತಂಗಿ ಟೀ ಕೊಟ್ಟು, "ಇನ್ನು ಮೇಲೆ ಹೇಳಿ ಅಣ್ಣಾ" ಎಂದರು.

ಕಾರು ಇನ್ನೂ ಇದೆ. ಈಗ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ನೋಡುತ್ತೇನೆ. ಯಾರಾದರೂ ಕರೆದರೆ ಗಾಡಿಯ ಸ್ಥಿತಿಯನ್ನು ಮೊದಲು ಹೇಳುತ್ತೇನೆ. ಅಪ್ಪಮಾದ, ಅಂದರೆ ಎಚ್ಚರ, ನನಗೆ ಅಲ್ಲಿಂದ ಶುರುವಾಗುತ್ತದೆ.

*ಇಂದಿನ ಅಭ್ಯಾಸ:* ಮನೆಯಲ್ಲಿ, ದೇಹದಲ್ಲಿ, ಸಾಲದಲ್ಲಿ, ಸಂಬಂಧದಲ್ಲಿ ನಾನು ನೀರು ಸುರಿದು ಮುಚ್ಚಿಡುತ್ತಿರುವ ಸೋರಿಕೆ ಯಾವುದು? ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಅದನ್ನು ತಿಳಿಯಲೇಬೇಕಾದ ಒಬ್ಬರಿಗೆ ಇಂದೇ ಹೇಳಿ.

ಸಾಧು, ಸಾಧು, ಸಾಧು 🌸
ಜೈ ಭೀಮ್