ಏಳು ಮಂದಿ, ಎರಡೆರಡು ನಿಮಿಷ

ಮಗಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ನನಗೆ ನಿಜವಾಗಿ ಖುಷಿಯಾಯಿತು. ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿ ಸಂಘಕ್ಕೆ ಈ ಸಲ ಅವಿರೋಧ ಆಯ್ಕೆ ಇಲ್ಲ, ಚುನಾವಣೆಯೇ ನಡೆಯುತ್ತದೆ. ಐದು ಸ್ಥಾನಕ್ಕೆ ಏಳು ಮಂದಿ ನಿಂತಿದ್ದಾರೆ. ಮಹಾಸಭೆಯಲ್ಲಿ ಆ ಏಳು ಮಂದಿಯನ್ನೂ ಪರಿಚಯಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ. ಮಾತು ಮುಗಿಸುವಾಗ ನೀನು, "ಅದರಲ್ಲೇನುಂಟು ಮಾಷ್ಟ್ರೇ, ಹೆಸರು, ಊರು, ಉದ್ಯೋಗ ಹೇಳಿದರೆ ಆಯಿತಲ್ಲ" ಎಂದೆ. ಆ ಒಂದು ಮಾತಿಗಾಗಿ ಈ ಕಾಗದ ಬರೆಯುತ್ತಿದ್ದೇನೆ. ಅದರಲ್ಲಿ ಬಹಳ ಉಂಟು.

ನಮ್ಮ ಊರಿನವರಿಗೆ ಚುನಾವಣೆ ಹೊಸತಲ್ಲ. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದೇ ಪುತ್ತೂರಿನಲ್ಲಿ, ಮೊಳಹಳ್ಳಿ ಶಿವರಾಯರ ಕೈಯಲ್ಲಿ. ಆವತ್ತಿನಿಂದ ಇವತ್ತಿನವರೆಗೆ ಸೊಸೈಟಿ, ಹಾಲಿನ ಸಂಘ, 1973ರ ಮೇಲೆ ಅಡಿಕೆ ಬೆಳೆಗಾರರ ಕ್ಯಾಂಪ್ಕೊ, ಹೀಗೆ ಒಂದಲ್ಲ ಒಂದು ಆಡಳಿತ ಮಂಡಳಿಗೆ ನಾವು ಓಟು ಹಾಕುತ್ತಲೇ ಬಂದಿದ್ದೇವೆ. ಆದರೆ ಊರಿನ ಸೊಸೈಟಿಯ ಚುನಾವಣೆಯಲ್ಲಿ ಯಾರನ್ನೂ ಯಾರಿಗೂ ಪರಿಚಯಿಸಬೇಕಾಗಿಲ್ಲ. ನಿಂತವನ ತೋಟ ಎಷ್ಟು, ಸಾಲ ಎಷ್ಟು, ನೆರೆಯವನ ಜೊತೆ ನೀರಿನ ತಕರಾರು ಉಂಟೋ ಇಲ್ಲವೋ, ಎಲ್ಲ ಮತದಾರನಿಗೆ ಗೊತ್ತು.

ಹಿರಿಯ ವಿದ್ಯಾರ್ಥಿ ಸಂಘ ಹಾಗಲ್ಲ. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರದ್ದು, ವಿವೇಕಾನಂದ ಕಾಲೇಜು 1965ರದ್ದು, ಸುಳ್ಯದ ನೆಹರು ಮೆಮೋರಿಯಲ್ ಕಾಲೇಜು ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ಶುರುಮಾಡಿದ್ದು. ಯಾವ ಕಾಲೇಜನ್ನೇ ತೆಗೆದುಕೋ, ಅಜ್ಜಂದಿರು, ಮೊಮ್ಮಕ್ಕಳು ಒಂದೇ ಸಂಘದ ಸದಸ್ಯರು. ನನ್ನ ಪದವಿ ಪತ್ರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಂಡಭೇರುಂಡ ಉಂಟು. 1980ರ ಸೆಪ್ಟೆಂಬರಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆಗುವವರೆಗೆ ನಾವೆಲ್ಲ ಮೈಸೂರಿಗೆ ಸೇರಿದವರು. ನಿನ್ನ ಪತ್ರ ಆ ಮಂಗಳೂರು ವಿಶ್ವವಿದ್ಯಾನಿಲಯದ್ದು, ಕೊಣಾಜೆಯಿಂದ ಬಂದದ್ದು. ನನಗೆ ನಿನ್ನ ಬ್ಯಾಚಿನವರ ಮುಖ ಗೊತ್ತಿಲ್ಲ, ನಿನಗೆ ನನ್ನ ಬ್ಯಾಚಿನವರ ಹೆಸರು ಗೊತ್ತಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಓಟು ಹಾಕಿ ಸಂಜೆ ಹಿಂದೆ ಹೋಗುವವನಿಗಂತೂ ಯಾರೂ ಗೊತ್ತಿಲ್ಲ. ಅವನು ಚೀಟಿಯಲ್ಲಿ ಗುರುತು ಹಾಕುವಾಗ ಅವನ ಕೈಯಲ್ಲಿ ಇರುವುದು ನೀನು ವೇದಿಕೆಯಲ್ಲಿ ಆಡಿದ ಎರಡು ನಿಮಿಷದ ಮಾತು, ಅಷ್ಟೇ.

ನಾನು ಒಮ್ಮೆ ಆ ಎರಡು ನಿಮಿಷವನ್ನು ಹಾಳು ಮಾಡಿದವನು. ಇಷ್ಟು ವರ್ಷ ಯಾರಲ್ಲೂ ಹೇಳಿರಲಿಲ್ಲ, ನಿನ್ನಲ್ಲಿ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಪರಿಚಯದ ಕೆಲಸ ನನಗೇ ಬಂದಿತ್ತು. ಎಲ್ಲರಿಂದ ಒಂದೊಂದು ಕಾಗದ ಬರೆಸಿ ತರಿಸಿದೆ. ಒಬ್ಬರು ಎರಡು ಪುಟ ಟೈಪು ಮಾಡಿಸಿ ಕಳುಹಿಸಿದ್ದರು: ಅಧ್ಯಕ್ಷರಾಗಿದ್ದದ್ದು, ಗೌರವಾಧ್ಯಕ್ಷರಾಗಿದ್ದದ್ದು, ಸನ್ಮಾನ ಆದದ್ದು, ವಿದೇಶಕ್ಕೆ ಹೋದದ್ದು. ಇನ್ನೊಬ್ಬರು ಹಳ್ಳಿಯ ಪ್ರಾಥಮಿಕ ಶಾಲೆಯ ಟೀಚರು. ಅವರು ಕಾಗದವನ್ನೇ ಕೊಡಲಿಲ್ಲ. ಕೇಳಿದ್ದಕ್ಕೆ, "ನನ್ನದು ಎಂತ ಹೇಳ್ಲಿಕ್ಕುಂಟು ಸರ್" ಎಂದು ನಕ್ಕರು. ನಾನೂ ಅಷ್ಟಕ್ಕೇ ಬಿಟ್ಟೆ. ಸಭೆಯಲ್ಲಿ ಮೊದಲನೆಯವರ ಎರಡು ಪುಟವನ್ನು ಸ್ವರ ಏರಿಸಿ ಇಳಿಸಿ ಓದಿದೆ, ಚಪ್ಪಾಳೆ ಬಿತ್ತು. ಟೀಚರ ಸರದಿಯಲ್ಲಿ ಹೆಸರು, ಬ್ಯಾಚು, ಶಾಲೆಯ ಊರು ಹೇಳಿ, "ಸರಳ ಸ್ವಭಾವದವರು" ಎಂದು ಒಂದು ಮಾತು ಸೇರಿಸಿ ಮುಂದೆ ಹೋದೆ. ಅವರು ಎದ್ದು ನಿಂತು ಕೈ ಮುಗಿಯುವಷ್ಟರಲ್ಲಿ ನಾನು ಮುಂದಿನವರ ಹೆಸರು ಕರೆದಾಗಿತ್ತು. ಅರ್ಧ ಮುಗಿದ ಕೈಯನ್ನು ಸೆರಗಿನೊಳಗೆ ಇಳಿಸಿ ಅವರು ಕೂತುಕೊಂಡದ್ದು ನನಗೆ ಈಗಲೂ ಕಾಣುತ್ತದೆ. ಅವರು ಸೋತರು.

ಎಂಟು ತಿಂಗಳ ಮೇಲೆ ವಾರ್ಷಿಕೋತ್ಸವದ ಆಮಂತ್ರಣ ಕಳುಹಿಸಬೇಕಾಯಿತು. ಸದಸ್ಯರ ವಿಳಾಸ ಎಲ್ಲಿ ಎಂದು ಹುಡುಕಿದರೆ ಕಪಾಟಿನಲ್ಲಿ ಏನೂ ಇಲ್ಲ. ವಿಚಾರಿಸುತ್ತಾ ಹೋದಾಗ ಗೊತ್ತಾಯಿತು: ಹನ್ನೊಂದು ವರ್ಷ ಆ ಟೀಚರೇ ತಮ್ಮ ಮನೆಯಲ್ಲಿ, ನೀಲಿ ರಟ್ಟಿನ ಒಂದು ಉದ್ದ ಪುಸ್ತಕದಲ್ಲಿ, ಎಲ್ಲರ ವಿಳಾಸ ಬರೆದಿಟ್ಟುಕೊಂಡು ಬಂದಿದ್ದರು. ಯಾರಿಗೆ ವರ್ಗವಾಯಿತು, ಯಾರು ಮುಂಬಯಿಗೆ ಹೋದರು, ಯಾರು ತೀರಿಕೊಂಡರು, ಎಲ್ಲವೂ ಕೆಂಪು ಶಾಯಿಯಲ್ಲಿ ತಿದ್ದಿ, ತಿದ್ದಿ. ಪ್ರತಿ ವರ್ಷ ಕಾರ್ಡಿನ ಮೇಲೆ ವಿಳಾಸ ಬರೆದು ಅಂಚೆಗೆ ಹಾಕುತ್ತಿದ್ದವರೂ ಅವರೇ. ನಾನು ಅವರ ಮನೆಗೆ ಹೋದೆ. ಒಂದು ಬೇಸರದ ಮಾತಿಲ್ಲದೆ ಪುಸ್ತಕ ತಂದುಕೊಟ್ಟರು, ಚಹಾ ಕೊಟ್ಟರು. ನಾಲ್ಕು ಸಲ ಕೆದಕಿ ಕೇಳಿದ್ದರೆ ಇದೆಲ್ಲ ನನಗೆ ಸಭೆಗೆ ಮೊದಲೇ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಹಾಗಾಗಿ ನಿನ್ನಲ್ಲಿ ಕೇಳಿಕೊಳ್ಳುವುದು ಇದು: ಕಾಗದ ತರಿಸಿಕೊಳ್ಳಬೇಡ, ನೀನೇ ಹೋಗು. ಏಳು ಮಂದಿ ಅಷ್ಟೇ. ಪುತ್ತೂರಿನವರು ಮೂವರು, ಸುಳ್ಯದ ಕಡೆಯವರು ಇಬ್ಬರು, ಕಡಬದವರೊಬ್ಬರು, ದುಬೈಯಲ್ಲಿ ಇರುವವರೊಬ್ಬರು ಎಂದೆಯಲ್ಲ? ದುಬೈಯವರ ಜೊತೆ ಫೋನಿನಲ್ಲಿ ಮಾತಾಡು, ಉಳಿದದ್ದು ಬೈಕಿನಲ್ಲಿ ಎರಡು ಭಾನುವಾರದ ಕೆಲಸ. ಮನೆಯ ಜಗಲಿಯಲ್ಲಿ ಕೂತು ಮಾತಾಡು. ಅವರು ಅಡಿಕೆ ಸುಲಿಯುತ್ತಿದ್ದರೆ ಸುಲಿಯಲಿ, ನೀನೂ ಪಕ್ಕದಲ್ಲಿ ಕೂತುಕೋ. ಕೈ ಕೆಲಸದಲ್ಲಿ ಇದ್ದಾಗ ನಮ್ಮವರ ಬಾಯಿ ಚೆನ್ನಾಗಿ ಬಿಡುತ್ತದೆ. "ಸಂಘಕ್ಕೆ ನೀವು ಇಷ್ಟರವರೆಗೆ ಏನು ಮಾಡಿದ್ದೀರಿ" ಎಂದು ನೇರ ಕೇಳಿದರೆ ಸಂಕೋಚದವರು ಏನೂ ಇಲ್ಲ ಎಂದೇ ಹೇಳುವುದು. "ಬೆಳ್ಳಿಹಬ್ಬದ ವರ್ಷ ಊಟದ ವ್ಯವಸ್ಥೆ ಯಾರದ್ದಿತ್ತು?" ಎಂದು ಕೇಳು. "ಇಂಥ ಹುಡುಗನ ಫೀಸು ಕಟ್ಟಿದ್ದು ಯಾರು?" ಎಂದು ಕೇಳು. ಕತೆ ತಾನಾಗಿ ಬರುತ್ತದೆ.

ಒಂದು ಪ್ರಶ್ನೆಯನ್ನು ಮಾತ್ರ ಎಲ್ಲರಿಗೂ ನೇರವಾಗಿಯೇ ಹಾಕಬೇಕು: ತಿಂಗಳಿಗೆ ಎಷ್ಟು ಹೊತ್ತು ಕೊಡಬಲ್ಲಿರಿ? ಸಂಘ ಬಡವಾಗುವುದು ದುಡ್ಡಿಲ್ಲದೆ ಅಲ್ಲ, ಹೊತ್ತು ಕೊಡುವವರಿಲ್ಲದೆ. ದುಬೈಯಲ್ಲಿರುವವರು "ವರ್ಷಕ್ಕೆ ಒಮ್ಮೆ ಬರುತ್ತೇನೆ, ಉಳಿದದ್ದು ಫೋನಿನಲ್ಲಿ" ಎಂದರೆ ಹಾಗೆಯೇ ಹೇಳು, ಅದರಲ್ಲಿ ಅವಮಾನವಿಲ್ಲ. ಸುಳ್ಯದ ತೋಟದವರು ಕೊಯ್ಲಿನ ತಿಂಗಳಲ್ಲಿ ಬರುವುದು ಕಷ್ಟ ಎಂದರೆ ಅದನ್ನೂ ಹೇಳು. ಹಳದಿ ಎಲೆ ರೋಗ ಬಂದು ತೋಟ ಕೈಬಿಟ್ಟವರೂ ಆ ಕಡೆ ಇದ್ದಾರೆ; ಮನೆಯ ಕಷ್ಟ ಹೇಳಿಕೊಂಡರೆ ಅದು ನಿನ್ನಲ್ಲೇ ಇರಲಿ, ವೇದಿಕೆಗೆ ಬಾರದಿರಲಿ.

ಇನ್ನೊಂದು ಸೂಕ್ಷ್ಮದ ವಿಷಯ. ಅಭ್ಯರ್ಥಿಗೆ ಕಾಲೇಜಿನ ಜೊತೆ ವ್ಯವಹಾರ ಉಂಟೇ? ಕಟ್ಟಡದ ಗುತ್ತಿಗೆ, ಕ್ಯಾಂಟೀನು, ಬಸ್ಸು, ಆಡಳಿತ ಮಂಡಳಿಯಲ್ಲಿ ಸ್ವಂತದವರು, ಹೀಗೆ ಏನಾದರೂ? ಇದ್ದರೆ ತಪ್ಪೆಂದು ನಾನು ಹೇಳುವುದಿಲ್ಲ. ಮತ ಹಾಕುವವನಿಗೆ ತಿಳಿದಿರಬೇಕು, ಅಷ್ಟೇ. ಅಭ್ಯರ್ಥಿಯ ಒಪ್ಪಿಗೆ ಪಡೆದು ಅವರದೇ ಮಾತಿನಲ್ಲಿ ಒಂದು ವಾಕ್ಯ ಹೇಳು. ಈಗಿನ ಸಮಿತಿಯಿಂದಲೇ ಮತ್ತೆ ನಿಂತವರಾದರೆ ಎಷ್ಟು ಸಭೆಗೆ ಬಂದಿದ್ದರು, ಅವರ ಅವಧಿಯ ಲೆಕ್ಕಪತ್ರ ಪರಿಶೋಧನೆಯಾಗಿ ಮಹಾಸಭೆಯಲ್ಲಿ ಮಂಡನೆಯಾಗಿದೆಯೇ ಎಂಬುದನ್ನು ನಿರ್ಣಯ ಪುಸ್ತಕ ನೋಡಿ ಹೇಳು. ನಮ್ಮದು 1960ರ ಸಂಘಗಳ ಕಾಯಿದೆಯಲ್ಲಿ ನೋಂದಣಿಯಾದ ಸಂಘ. ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು. ಈಚೆಗಂತೂ ನ್ಯಾಕ್‌ನವರು ಕಾಲೇಜನ್ನು ಅಳೆಯುವಾಗ ನೋಂದಾಯಿತ ಹಿರಿಯ ವಿದ್ಯಾರ್ಥಿ ಸಂಘ ಉಂಟೇ, ಅದು ಏನು ಕೊಟ್ಟಿದೆ ಎಂದು ಕೇಳುತ್ತಾರೆ. ನ್ಯಾಕ್ ಅಳೆಯುವ ವರ್ಷ ಮಾತ್ರ ಎಚ್ಚರಾಗುವ ಸಂಘ ನಮ್ಮದಾಗುವುದು ನನಗೆ ಬೇಡ. ವರ್ಷವಿಡೀ ಸಂಘವನ್ನು ಎಚ್ಚರವಾಗಿಡುವವರು ಈ ಏಳು ಮಂದಿಯಲ್ಲೇ ಇದ್ದಾರೆ, ಜನ ಅವರನ್ನು ಗುರುತಿಸುವ ಹಾಗೆ ನೀನು ಹೇಳಬೇಕು.

ಮಾತಿನ ರೀತಿಯ ಬಗ್ಗೆ. ನೀನು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿ ಬೆಳೆದವನು. ಅಲ್ಲಿ ಪ್ರತಿ ಪಾತ್ರವೂ ಪೀಠಿಕೆಯಿಂದ ಸುರುವಾಗುತ್ತದೆ. ಒಳ್ಳೆಯ ಅರ್ಥಧಾರಿ ಪೀಠಿಕೆಯಲ್ಲೇ ಸಭೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಅದು ಅವನ ಹಕ್ಕು. ಕೃಷ್ಣನಿಗೆ ಕೃಷ್ಣನ ಪೀಠಿಕೆ, ಕೌರವನಿಗೆ ಕೌರವನದ್ದು. ಆದರೆ ಏಳು ಪಾತ್ರದ ಪೀಠಿಕೆಯನ್ನೂ ಒಬ್ಬನೇ ಹೇಳಬೇಕಾದಾಗ? ಅವನಿಗೆ ಇಷ್ಟದ ಪಾತ್ರಕ್ಕೆ ಸ್ವರ ಏರುತ್ತದೆ, ಉಳಿದದ್ದು ಚಪ್ಪೆಯಾಗುತ್ತದೆ. ನಿನಗೂ ಆ ಏಳರಲ್ಲಿ ಒಬ್ಬರು ಹೆಚ್ಚು ಬೇಕಾದವರು ಇದ್ದೇ ಇರುತ್ತಾರೆ. ಇರಲಿ, ಮತ ಅವರಿಗೇ ಹಾಕು. ವೇದಿಕೆಯಲ್ಲಿ ಮಾತ್ರ ನೀನು ಬರೆದದ್ದನ್ನು ಓದು, ಬಾಯಿಪಾಠ ಹೇಳಬೇಡ. ಬಾಯಿಪಾಠದಲ್ಲಿ ಪ್ರೀತಿ ನುಸುಳುತ್ತದೆ. "ಕೊಡುಗೈ ದಾನಿ", "ಸಜ್ಜನ", "ಅಜಾತಶತ್ರು" ಇಂಥವನ್ನೆಲ್ಲ ಶಾಲು ಹೊದೆಸುವ ದಿನಕ್ಕೆ ಇಟ್ಟುಕೋ. ಕೊಟ್ಟದ್ದು ಏನು, ಯಾವಾಗ, ಯಾರಿಗೆ, ಅದನ್ನು ಹೇಳು. ಏಳು ಮಂದಿಗೂ ಎರಡೆರಡು ನಿಮಿಷ. ಯಾರು ಮೊದಲು ಎಂಬುದಕ್ಕೆ ಚೀಟಿ ಎತ್ತು. ಹಿರಿತನ, ಅಂತಸ್ತು ನೋಡಿ ಸಾಲು ಮಾಡಬೇಡ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ನಿಂತವರಲ್ಲಿ ಇಬ್ಬರು ಹೆಂಗಸರು. ಮದುವೆಯ ಮೇಲೆ ಹೆಸರಿನ ಬಾಲ ಬದಲಾಗಿರುತ್ತದೆ. ಅವರ ಜೊತೆ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೇ ಚೀಟಿಯಲ್ಲಿ ಗುರುತು ಹತ್ತುವುದಿಲ್ಲ. ಅವರನ್ನು ಕೇಳಿ, ಒಪ್ಪಿದರೆ ಕಾಲೇಜಿನ ದಿನದ ಹೆಸರನ್ನೂ ಹೇಳು. ಊರು ಹೇಳುವಾಗ ತಾಲೂಕು ಬೇಡ, ಗ್ರಾಮ ಹೇಳು. ನನ್ನ ಕಾಲದಲ್ಲಿ ಕಡಬದವನು ಪುತ್ತೂರು ತಾಲೂಕು, ಸುಬ್ರಹ್ಮಣ್ಯದವನು ಸುಳ್ಯ ತಾಲೂಕು. ಈಗ ಇಬ್ಬರೂ ಕಡಬ ತಾಲೂಕು. ನನ್ನಂಥ ಹಳಬರಿಗೆ ತಾಲೂಕು ಕೇಳಿದರೆ ತಲೆ ತಿರುಗುತ್ತದೆ, ಬಿಳಿನೆಲೆ ಎಂದರೆ ಕೂಡಲೇ ಗೊತ್ತಾಗುತ್ತದೆ.

ಜಾತಿ, ಪಕ್ಷ ಎರಡನ್ನೂ ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತು. ಆದರೆ ಹೇಳದೆಯೂ ಹೇಳುವ ದಾರಿಗಳಿವೆ. "ಪ್ರತಿಷ್ಠಿತ ಮನೆತನದವರು" ಎಂದರೆ ಕೇಳುವವನು ಲೆಕ್ಕ ಹಾಕಿಕೊಳ್ಳುತ್ತಾನೆ. ಇಂಥವರ ಅಳಿಯ, ಇಂಥ ನಾಯಕರ ಆಪ್ತರು ಎಂದರೂ ಅಷ್ಟೇ. 2024ರ ಜೂನ್ 3ರಂದು ನೈಋತ್ಯ ಪದವೀಧರರ ಕ್ಷೇತ್ರಕ್ಕೆ ನಾವಿಬ್ಬರೂ ಮತ ಹಾಕಿದೆವಲ್ಲ, ಅಲ್ಲಿ ಪಕ್ಷ ಇರುವುದು ಸಹಜ. ವಿಧಾನ ಪರಿಷತ್ತಿಗೆ ಕಳುಹಿಸುವುದು ಶಾಸಕರನ್ನು. ಇಲ್ಲಿ ಆರಿಸುವುದು ಗ್ರಂಥಾಲಯಕ್ಕೆ ಪುಸ್ತಕ ತರಿಸುವವರನ್ನು, ಬಡ ಹುಡುಗಿಯ ಹಾಸ್ಟೆಲು ಫೀಸಿಗೆ ನಾಲ್ಕು ಮನೆ ತಿರುಗುವವರನ್ನು. ಮತ್ತೆ, ಸಭೆಯ ಹೊರಗೆ ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ, ಮಲಯಾಳ ಯಾವುದಾದರೂ ಆಡು, ಅದು ನಮ್ಮ ಊರಿನ ಸೊಗಸು. ಪರಿಚಯ ಮಾತ್ರ ಏಳು ಮಂದಿಯದ್ದೂ ಕನ್ನಡದಲ್ಲೇ ಆಗಲಿ. ಒಬ್ಬರ ಸರದಿಯಲ್ಲಿ ಮಾತ್ರ ಮನೆಮಾತಿಗೆ ಇಳಿದೆಯೋ, ಉಳಿದ ಆರು ಮಂದಿಗೆ ಅದು ಕೇಳಿಸುತ್ತದೆ.

ಹೋಗಿ ಬಂದು ಬರೆದಾದ ಮೇಲೆ ಆಯಾ ಅಭ್ಯರ್ಥಿಗೆ ಅವರವರದ್ದನ್ನು ಓದಿ ತೋರಿಸು. ತಪ್ಪಿದ್ದರೆ ತಿದ್ದಲಿ, ಹೊಗಳಿಕೆ ಸೇರಿಸು ಎಂದರೆ ಬೇಡ ಎನ್ನು. ಸಿಟ್ಟು ಬಂದರೆ ನನ್ನ ಹೆಸರು ಹೇಳು, ನಾನು ಮಾತಾಡುತ್ತೇನೆ. ಹಿಂದೆ ಸರಿಯಿರಿ, ಅವಿರೋಧ ಮಾಡಿಬಿಡುವ ಎಂದು ಇಬ್ಬರ ಮೇಲೆ ಒತ್ತಡ ಬರುತ್ತಿದೆ ಎಂದೆಯಲ್ಲ, ಅದಕ್ಕೆ ನೀನು ಸೇರಬೇಡ. ಮನಸ್ಸೊಪ್ಪಿ ಹಿಂದೆ ಸರಿದರೆ ಅದು ಬೇರೆ. ಹಾಗೆ ಆದರೂ ಉಳಿದ ಐದು ಮಂದಿಯ ಪರಿಚಯವನ್ನು ಬಿಡಬೇಡ. ಆರಿಸಿ ಬಂದವರು ಯಾರೆಂದು ಸದಸ್ಯರಿಗೆ ತಿಳಿಯಬೇಕಲ್ಲ.

ಆ ಟೀಚರಿಗೆ ಈಗ ನಿವೃತ್ತಿಯಾಗಿದೆ. ಅವರೂ ಸಭೆಗೆ ಬರುತ್ತಾರೆ, ನಾನೇ ಫೋನು ಮಾಡಿ ಕರೆದಿದ್ದೇನೆ. ಅವರ ಆ ನೀಲಿ ಪುಸ್ತಕ ನನ್ನ ಮೇಜಿನ ಮೇಲೆಯೇ ಉಂಟು. ನೀನು ಭೇಟಿಯಾಗಬೇಕಾದ ಏಳು ಮಂದಿಯಲ್ಲಿ ನಾಲ್ವರ ಮನೆಯ ದಾರಿ ಅದರಲ್ಲೇ ಬರೆದಿದೆ, ಯಾವ ಕಟ್ಟೆಯ ಹತ್ತಿರ ಇಳಿಯಬೇಕು ಎಂಬುದು ಸಹಿತ. ಶನಿವಾರ ಸಂಜೆ ಬಂದು ತೆಗೆದುಕೊಂಡು ಹೋಗು. ತಿರುಗಾಟ ಮುಗಿದ ಮೇಲೆ ಬರೆದದ್ದನ್ನು ಹಿಡಿದುಕೊಂಡು ಇನ್ನೊಮ್ಮೆ ಬಾ. ಜಗಲಿಯಲ್ಲಿ ನಿಂತು ಏಳನ್ನೂ ಗಟ್ಟಿಯಾಗಿ ಓದು, ನಾನು ಗಡಿಯಾರ ನೋಡುತ್ತೇನೆ.