ಹತ್ತು ನಿಮಿಷದ ಪಾಠ, ಹದಿನೈದು ನಿಮಿಷದ ಮಾತು: ಶಿಕ್ಷಕ ಹುದ್ದೆಯ ಸಂದರ್ಶನಕ್ಕೆ ಸಿದ್ಧತೆ

ಯಾರಿಗೆ: ಬಿ.ಇಡ್. ಕೊನೆಯ ಸೆಮಿಸ್ಟರಿನ ಪ್ರಶಿಕ್ಷಣಾರ್ಥಿಗಳಿಗೆ
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಉದ್ದೇಶಗಳು: ಪ್ರಶಿಕ್ಷಣಾರ್ಥಿಯು (1) ಹತ್ತು ನಿಮಿಷಕ್ಕೆ ಹೊಂದುವ ಒಂದೇ ಕಲಿಕಾಂಶವನ್ನು ಆರಿಸುವನು/ಳು, (2) ಸಾಮಾನ್ಯ ಪ್ರಶ್ನೆಗಳಿಗೆ ಇಂಟರ್ನ್‌ಶಿಪ್ ಅನುಭವದಿಂದ ಉದಾಹರಣೆ ಕೊಟ್ಟು ಉತ್ತರಿಸುವನು/ಳು, (3) ಕೆಲಸ ಒಪ್ಪಿಕೊಳ್ಳುವ ಮೊದಲು ಕೇಳಬೇಕಾದುದನ್ನು ಕೇಳುವನು/ಳು.

ಪೀಠಿಕೆ

ಸರ್ಕಾರಿ ಪ್ರಾಥಮಿಕ ಶಾಲೆಗಳ ನೇಮಕಾತಿಯಲ್ಲಿ ಟಿಇಟಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಅಂಕಗಳದೇ ಮುಖ್ಯ ಪಾತ್ರ. ಆದರೆ ಕೋರ್ಸ್ ಮುಗಿಸಿದ ಬಹಳಷ್ಟು ಜನರಿಗೆ ಮೊದಲ ಕೆಲಸ ಸಿಗುವುದು ಅನುದಾನರಹಿತ ಖಾಸಗಿ ಶಾಲೆಗಳಲ್ಲಿ, ಇಲ್ಲವೇ ಗುತ್ತಿಗೆ ಆಧಾರದ ಹುದ್ದೆಗಳಲ್ಲಿ. ಅಲ್ಲಿ ಸಂದರ್ಶನ ಇದ್ದೇ ಇರುತ್ತದೆ, ಅದರ ಜೊತೆಗೆ ಒಂದು ಪ್ರದರ್ಶನ ಪಾಠವೂ ಇರುತ್ತದೆ. ಎರಡು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆದ ಪ್ರಶಿಕ್ಷಣಾರ್ಥಿಗೆ ಹೇಳಲು ಬೇಕಾದಷ್ಟು ವಿಷಯವಿರುತ್ತದೆ. ಆದರೆ ಅದನ್ನು ಯಾವ ಕ್ರಮದಲ್ಲಿ, ಎಷ್ಟು ಹೊತ್ತಿನಲ್ಲಿ ಹೇಳಬೇಕೆಂಬ ಅಭ್ಯಾಸ ಇರುವುದಿಲ್ಲ. ಈ ಪಾಠದ ಗುರಿ ಆ ಅಭ್ಯಾಸ.

ಹೋಗುವ ಮುನ್ನ

ಕರೆ ಬಂದಾಗ ಮೂರು ವಿಷಯ ಕೇಳಿಕೊಳ್ಳಿ: ಶಾಲೆ ಯಾವ ಪಠ್ಯಕ್ರಮದ್ದು (ರಾಜ್ಯ, ಸಿಬಿಎಸ್ಇ, ಐಸಿಎಸ್ಇ), ಪಾಠ ಯಾವ ತರಗತಿಗೆ, ಎದುರಿಗೆ ಮಕ್ಕಳಿರುತ್ತಾರೆಯೇ ಅಥವಾ ಶಿಕ್ಷಕರೇ ಮಕ್ಕಳಂತೆ ಕೂರುತ್ತಾರೆಯೇ. ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಫೈಲಿನಲ್ಲಿ ಅಂಕಪಟ್ಟಿಗಳ ಜೊತೆಗೆ ಇಂಟರ್ನ್‌ಶಿಪ್‌ನ ಎರಡು ಪಾಠ ಯೋಜನೆ, ನೀವೇ ನೀಲನಕ್ಷೆ ಹಾಕಿ ತಯಾರಿಸಿದ ಒಂದು ಪ್ರಶ್ನೆಪತ್ರಿಕೆ, ಹೆಸರು ಮರೆಮಾಡಿದ ಒಂದೆರಡು ಮಕ್ಕಳ ಬರವಣಿಗೆ ಇರಲಿ. ಟಿಇಟಿ ಪಾಸಾಗಿದ್ದರೆ ಆ ಪ್ರಮಾಣಪತ್ರವನ್ನೂ ಇಡಿ. 2021ರಲ್ಲಿ ಅದರ ಮಾನ್ಯತೆಯನ್ನು ಏಳು ವರ್ಷದಿಂದ ಜೀವನಪರ್ಯಂತಕ್ಕೆ ವಿಸ್ತರಿಸಲಾಗಿದೆ. ಹಿಂದಿನ ಪ್ರಮಾಣಪತ್ರಗಳಿಗೂ ಇದು ಅನ್ವಯಿಸುತ್ತದೆ.

ಪ್ರದರ್ಶನ ಪಾಠ: ಒಂದು ಮಾದರಿ

40 ನಿಮಿಷದ ಪಾಠವನ್ನು ಹತ್ತು ನಿಮಿಷಕ್ಕೆ ಹಿಂಡಲು ಹೋದರೆ ಪೀಠಿಕೆ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ‘ಕನ್ನಡ ಸಂಧಿಗಳು’ ಎಂಬ ಇಡೀ ಘಟಕ ಬೇಡ. ಮಕ್ಕಳು ನಿಜವಾಗಿ ಎಡವುವ ಒಂದು ಜಾಗವನ್ನು ಹಿಡಿಯಿರಿ. ಕನ್ನಡ ವಿಷಯಕ್ಕೆ ಒಂದು ಉದಾಹರಣೆ ನೋಡೋಣ.

ಕಲಿಕಾಂಶ: ಲೋಪವೋ, ಆಗಮವೋ?

ಮೊದಲ 2 ನಿಮಿಷ: ಕಪ್ಪುಹಲಗೆಯ ಮೇಲೆ ಎರಡೇ ಸಾಲು ಬರೆಯಿರಿ.
ಊರು + ಅನ್ನು = ?
ಗುರು + ಅನ್ನು = ?
ಮಕ್ಕಳು ‘ಊರನ್ನು’, ‘ಗುರುವನ್ನು’ ಎನ್ನುತ್ತಾರೆ. ಎರಡೂ ಪದಗಳ ಕೊನೆಯಲ್ಲಿ ‘ರು’ ಇದೆ, ಪ್ರತ್ಯಯವೂ ಒಂದೇ. ಒಂದರಲ್ಲಿ ಉಕಾರ ಹೋಯಿತು, ಇನ್ನೊಂದರಲ್ಲಿ ಉಳಿದು ‘ವ’ ಬಂತು. ಯಾಕೆ? ಇದೇ ಪಾಠದ ಸಮಸ್ಯೆ.

ಮುಂದಿನ 4 ನಿಮಿಷ: ಎರಡನೆಯದರಲ್ಲೂ ಉಕಾರ ತೆಗೆದು ‘ಗುರನ್ನು’ ಎಂದು ಬರೆದು ಓದಿಸಿ. ಅರ್ಥ ಆಗುತ್ತದೆಯೇ ಎಂದು ಕೇಳಿ. ಇಲ್ಲ. ಸ್ವರ ಬಿಟ್ಟರೂ ಅರ್ಥ ಕೆಡದಿದ್ದರೆ ಲೋಪ, ಕೆಡುವಂತಿದ್ದರೆ ಆಗಮ ಎಂಬ ನಿಯಮವನ್ನು ಮಕ್ಕಳೇ ಹೇಳುವಂತೆ ಮಾಡಿ. ಬಳಿಕ ‘ಮನೆ + ಅನ್ನು’ ಕೊಡಿ. ಇಲ್ಲಿ ‘ಮನೆಯನ್ನು’; ಬಂದದ್ದು ‘ಯ’. ‘ಗುರು’ ಎನ್ನುವಾಗ ತುಟಿ ದುಂಡಗಾಗುತ್ತದೆ, ‘ಮನೆ’ ಎನ್ನುವಾಗ ಆಗುವುದಿಲ್ಲ ಎಂಬುದನ್ನು ಹೇಳಿಸಿ ನೋಡಿಸಿ.

ಮುಂದಿನ 3 ನಿಮಿಷ: ಕಾಲು, ಮಗು, ಕೈ, ಹೂ – ನಾಲ್ಕು ಪದಗಳಿಗೆ ‘ಅನ್ನು’ ಸೇರಿಸಲು ಹೇಳಿ. ಕಾಲನ್ನು, ಮಗುವನ್ನು, ಕೈಯನ್ನು, ಹೂವನ್ನು. ಉತ್ತರದ ಜೊತೆಗೆ ಕಾರಣವನ್ನೂ ಕೇಳಿ.

ಕೊನೆಯ 1 ನಿಮಿಷ: ಇಂದು ಕಂಡುಕೊಂಡ ನಿಯಮವನ್ನು ಒಬ್ಬ ವಿದ್ಯಾರ್ಥಿಯಿಂದ ಹೇಳಿಸಿ ನಿಲ್ಲಿಸಿ. ಗೃಹಪಾಠ ಒಂದೇ ವಾಕ್ಯದಲ್ಲಿ.

ಪಾಠದ ನಂತರ ಸಮಿತಿಯವರು ಕೇಳಬಹುದಾದ ಎರಡು ಪ್ರಶ್ನೆಗಳಿಗೆ ಸಿದ್ಧರಿರಿ. ‘ಊರು ಪದದಲ್ಲಿ ಉಕಾರ ಬಿಟ್ಟರೂ ಅರ್ಥ ಉಳಿಯುವುದು ಹೇಗೆ?’ ಹಳಗನ್ನಡದಲ್ಲಿ ಅದು ‘ಊರ್’, ‘ಕಾಲು’ ಕೂಡ ‘ಕಾಲ್’. ಕೊನೆಯ ಉಕಾರ ಆಮೇಲೆ ಸೇರಿದ್ದು. ‘ಗುರು’ವಿನ ಉಕಾರ ಪದದ್ದೇ. ಇನ್ನೊಂದು, ‘ಮನೆಯಲ್ಲಿ ಕನ್ನಡ ಮಾತಾಡದ ಮಕ್ಕಳಿದ್ದರೆ ಏನು ಮಾಡುತ್ತೀರಿ?’ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ ಬೆಂಗಳೂರಿನಂಥ ಊರಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ಮೇಲಿನ ಪಾಠ ಮಗುವಿನ ಕಿವಿಗೆ ಈಗಾಗಲೇ ಇರುವ ಪರಿಚಯವನ್ನು ನಂಬಿದೆ. ಆ ಪರಿಚಯ ಇಲ್ಲದ ಮಗುವಿಗೆ ಸಂಧಿಯ ಹೆಸರು ಬೇಡ. ಆ ಪದಗಳಿರುವ ವಾಕ್ಯಗಳನ್ನು ಮೊದಲು ಬಹಳ ಸಲ ಕೇಳಿಸಬೇಕು, ಹೇಳಿಸಬೇಕು. ತನ್ನ ಪಾಠದ ಮಿತಿಯನ್ನು ತಾನೇ ಹೇಳಬಲ್ಲವರನ್ನು ಸಮಿತಿ ಗುರುತಿಸುತ್ತದೆ.

ಪ್ರಶ್ನೋತ್ತರ

‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಊರು, ಅಪ್ಪ-ಅಮ್ಮ, ಹವ್ಯಾಸ ಎಂದು ಬಾಯಿಪಾಠ ಒಪ್ಪಿಸುವವರು ಹೆಚ್ಚು. ಅದೆಲ್ಲ ಅರ್ಜಿಯಲ್ಲೇ ಇರುತ್ತದೆ. ಎರಡು ಉತ್ತರಗಳನ್ನು ಹೋಲಿಸಿ:

ಉತ್ತರ 1: ‘ನನಗೆ ಮಕ್ಕಳೆಂದರೆ ತುಂಬಾ ಇಷ್ಟ ಸರ್, ಕಷ್ಟಪಟ್ಟು ಕೆಲಸ ಮಾಡ್ತೀನಿ.’
ಉತ್ತರ 2: ‘ಇಂಟರ್ನ್‌ಶಿಪ್‌ನಲ್ಲಿ ಎಂಟನೇ ತರಗತಿಗೆ ಕನ್ನಡ ಪಾಠ ಮಾಡಿದೆ ಮೇಡಂ. ಹಿಂದಿನ ಬೆಂಚಿನ ಐದಾರು ಮಕ್ಕಳು ಓದಲು ಹಿಂಜರಿಯುತ್ತಿದ್ದರು. ಅವರಿಗೆ ದಿನಕ್ಕೆ ಐದು ನಿಮಿಷ ಜೋಡಿ ಓದು ಮಾಡಿಸಿದೆ. ಮೂವರು ಸುಧಾರಿಸಿದರು, ಇಬ್ಬರಿಗೆ ಅದು ಸಾಕಾಗಲಿಲ್ಲ.’

ಎರಡನೆಯದರಲ್ಲಿ ಸಂದರ್ಭ, ಮಾಡಿದ ಕೆಲಸ, ಫಲ ಮೂರೂ ಇವೆ. ಫಲವನ್ನು ಹಿಗ್ಗಿಸಿಯೂ ಇಲ್ಲ. ಆದರೆ ಈ ಉತ್ತರವನ್ನೇ ನಕಲು ಮಾಡಬೇಡಿ. ನಡೆಯದ ಘಟನೆ ಹೇಳಿದವರು ಮರುಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

‘ಹೋಮ್‌ವರ್ಕ್ ಮಾಡದ ಮಗುವಿಗೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಯಲ್ಲಿ ಶಿಸ್ತಿನ ಜೊತೆಗೆ ಕಾನೂನಿನ ತಿಳಿವಳಿಕೆಯೂ ಪರೀಕ್ಷೆಗೆ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸಿದೆ. ‘ಸ್ವಲ್ಪ ಹೊಡೆದರೇನೇ ದಾರಿಗೆ ಬರುತ್ತಾರೆ, ಅಲ್ಲವೇ?’ ಎಂದು ಸಮಿತಿಯವರೇ ಎಳೆದರೂ ತಲೆಯಾಡಿಸಬೇಡಿ. ‘ಇಲ್ಲ ಸರ್. ಮೊದಲು ಕಾರಣ ಕೇಳುತ್ತೇನೆ, ಮನೆಯ ಪರಿಸ್ಥಿತಿ ತಿಳಿದುಕೊಳ್ಳುತ್ತೇನೆ’ ಎಂದು ನಯವಾಗಿ, ದೃಢವಾಗಿ ಹೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪ್ರಶ್ನೆಯ ಭಯ ಸಹಜ. ಪರಿಚಯ, ಇಂಟರ್ನ್‌ಶಿಪ್ ಅನುಭವ, ನಿಮ್ಮ ವಿಷಯದ ಒಂದು ಕಲಿಕಾಂಶ – ಈ ಮೂರನ್ನು ಸಣ್ಣ ವಾಕ್ಯಗಳ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಸಿಕ್ಕಿಕೊಂಡರೆ ‘ಇದನ್ನು ಕನ್ನಡದಲ್ಲಿ ವಿವರಿಸಬಹುದೇ?’ ಎಂದು ಅನುಮತಿ ಕೇಳಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ನೋಡಿ ತಿಳಿದುಕೊಳ್ಳುತ್ತೇನೆ’ ಎಂದರೆ ಸಾಕು.

ನೀವು ಕೇಳಬೇಕಾದದ್ದು

ಕೆಲಸ ಬೇಕೆಂಬ ಆತುರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ವರ್ಷವಿಡೀ ಅನುಭವಿಸುತ್ತಾರೆ. ವಾರಕ್ಕೆ ಎಷ್ಟು ಪಿರಿಯಡ್? ಸಂಬಳ ಎಷ್ಟು, ಬ್ಯಾಂಕ್ ಖಾತೆಗೆ ಬರುತ್ತದೆಯೇ? ಬೇಸಿಗೆ ರಜೆಯ ಸಂಬಳ ಇದೆಯೇ? ಪಿಎಫ್ ಇದೆಯೇ? ನೇಮಕಾತಿ ಪತ್ರ ಕೊಡುತ್ತಾರೆಯೇ? ಇವನ್ನು ಕೊನೆಯಲ್ಲಿ, ವಿನಯದಿಂದ ಕೇಳಿ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಮುಗಿದ ಮೇಲೆ ವಾಪಸ್ ಪಡೆಯಿರಿ. ದೃಢೀಕರಿಸಿದ ನಕಲು ಕೊಡಿ. ಮೂಲಪ್ರತಿ ಶಾಲೆಯ ಬೀರುವಿನಲ್ಲಿದ್ದರೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ‘ಮದುವೆ ಯಾವಾಗ?’ ಎಂದು ಹೆಣ್ಣುಮಕ್ಕಳನ್ನು ಕೇಳುವುದುಂಟು. ಕೋಪವೂ ಬೇಡ, ವಿವರವೂ ಬೇಡ. ‘ಈ ಶೈಕ್ಷಣಿಕ ವರ್ಷ ಪೂರ್ತಿ ಪಾಠ ಮಾಡುವ ಉದ್ದೇಶದಿಂದಲೇ ಬಂದಿದ್ದೇನೆ’ ಎಂಬುದು ನಿಮ್ಮ ಉದ್ದೇಶವಾಗಿದ್ದರೆ ಅಷ್ಟು ಹೇಳಿದರೆ ಸಾಕು.

ಅಣಕು ಸಂದರ್ಶನ: ಬೋಧಕರಿಗೆ ಸೂಚನೆ

ಮೊದಲ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ಮಕ್ಕಳು ಎಡವುವ ಒಂದು ಜಾಗ ಗುರುತಿಸಿ ಹತ್ತು ನಿಮಿಷದ ಯೋಜನೆ ಬರೆಯಲಿ. ಎರಡನೆಯದರಲ್ಲಿ ಐದೈದು ಜನರ ಗುಂಪು ಮಾಡಿ: ಒಬ್ಬರು ಅಭ್ಯರ್ಥಿ, ಇಬ್ಬರು ಸಮಿತಿ, ಒಬ್ಬರು ವಿದ್ಯಾರ್ಥಿ, ಒಬ್ಬರು ವೀಕ್ಷಕರು. ಪಾಠಕ್ಕೆ 10, ಪ್ರಶ್ನೆಗೆ 5, ಚರ್ಚೆಗೆ 5 ನಿಮಿಷದಂತೆ ಒಂದು ತರಗತಿಯಲ್ಲಿ ಗುಂಪಿಗೆ ಇಬ್ಬರ ಸರದಿ ಮುಗಿಯುತ್ತದೆ. ಉಳಿದವರಿಗೆ ಬಿಡುವಿನ ವೇಳೆ ಅಥವಾ ಮುಂದಿನ ವಾರ ಗೊತ್ತುಮಾಡಿ.

ವೀಕ್ಷಕರು ಬರೆಯಬೇಕಾದದ್ದು ನಾಲ್ಕೇ ಅಂಶ:
1. ಪಾಠದ ಸಮಸ್ಯೆ ಎಷ್ಟನೇ ನಿಮಿಷದಲ್ಲಿ ಹಲಗೆಯ ಮೇಲೆ ಬಂತು?
2. ತಪ್ಪು ಉತ್ತರ ಬಂದಾಗ ಅಭ್ಯರ್ಥಿ ಏನು ಮಾಡಿದರು?
3. ಉತ್ತರಗಳಲ್ಲಿ ನಿಜವಾದ ಉದಾಹರಣೆ ಎಷ್ಟು?
4. ಅಭ್ಯರ್ಥಿ ತಾವಾಗಿ ಕೇಳಿದ ಪ್ರಶ್ನೆ ಯಾವುದು?

‘ಚೆನ್ನಾಗಿತ್ತು’, ‘ಆತ್ಮವಿಶ್ವಾಸ ಬೇಕು’ ಎಂಬ ಮಾತುಗಳಿಗೆ ಈ ಹಾಳೆಯಲ್ಲಿ ಜಾಗ ಬೇಡ. ಎರಡನೇ ಅಂಶದ ಮೇಲೆ ಹೆಚ್ಚು ಚರ್ಚೆಯಾಗಲಿ. ವಿದ್ಯಾರ್ಥಿಯ ಪಾತ್ರದವರು ಬೇಕೆಂದೇ ಒಂದು ತಪ್ಪು ಉತ್ತರ ಕೊಡಬೇಕು. ಅದನ್ನು ಅಭ್ಯರ್ಥಿಗೆ ಮುಂಚೆ ತಿಳಿಸಬಾರದು. ತಪ್ಪನ್ನು ದಾಟಿ ಹೋಗುತ್ತಾರೋ, ಅದರಿಂದಲೇ ಪಾಠ ಬೆಳೆಸುತ್ತಾರೋ ಎಂಬುದನ್ನು ಒಳ್ಳೆಯ ಮುಖ್ಯೋಪಾಧ್ಯಾಯರು ಮೊದಲು ಗಮನಿಸುತ್ತಾರೆ.

ನಿಯೋಜಿತ ಕಾರ್ಯ: ಚರ್ಚೆಯ ನಂತರ ಅದೇ ಪಾಠ ಯೋಜನೆಯನ್ನು ತಿದ್ದಿ ಬರೆಯಿರಿ. ಹಳೆಯದು, ಹೊಸದು, ವೀಕ್ಷಕರ ಹಾಳೆ ಮೂರನ್ನೂ ಒಟ್ಟಿಗೆ ಫೈಲಿನಲ್ಲಿಡಿ. ಸಂದರ್ಶನದಲ್ಲಿ ‘ನಿಮ್ಮ ಬೋಧನೆಯನ್ನು ಹೇಗೆ ಉತ್ತಮಪಡಿಸಿಕೊಳ್ಳುತ್ತೀರಿ?’ ಎಂದು ಕೇಳಿದರೆ ಆ ಮೂರು ಹಾಳೆಗಳನ್ನು ಮೇಜಿನ ಮೇಲಿಡಿ.