ಭೂಕಂಪವೋ, ಸ್ಫೋಟವೋ?

ನೆಲದ ಆಳದಲ್ಲಿ ಪರಮಾಣು ಬಾಂಬು ಸಿಡಿದರೆ ದೂರದವರ ಕಣ್ಣಿಗೆ ಏನೂ ಕಾಣದು. ಆದರೆ ಭೂಮಿ ಕಂಪಿಸುತ್ತದೆ. 1957ರ ಸೆಪ್ಟೆಂಬರ್ 19ರಂದು ಅಮೆರಿಕದ ನೆವಾಡದಲ್ಲಿ ನಡೆದ ‘ರೇನಿಯರ್’ ಪರೀಕ್ಷೆಯ ಕಂಪನವನ್ನು ಸಾವಿರಾರು ಕಿಲೋಮೀಟರ್ ದೂರದ ಅಲಾಸ್ಕದ ಭೂಕಂಪಮಾಪಕವೂ ದಾಖಲಿಸಿತು. ಆದರೆ ಇಂಥ ಕಂಪನವನ್ನು ಭೂಕಂಪದಿಂದ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆ ಬಗೆಹರಿಯದೆ ಇದ್ದುದು, 1963ರ ಮಾಸ್ಕೋ ಒಪ್ಪಂದವು ವಾಯುಮಂಡಲ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಪರೀಕ್ಷೆಗಳನ್ನು ಮಾತ್ರ ನಿಷೇಧಿಸಿ ಭೂಗರ್ಭದವನ್ನು ಬಿಟ್ಟುದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಭೂಕಂಪದಲ್ಲಿ ಬಿರುಕಿನ ಎರಡು ಪಕ್ಕದ ಶಿಲೆಗಳು ಒಂದರ ಮೇಲೊಂದು ಉಜ್ಜಿ ಜಾರುತ್ತವೆ. ಸ್ಫೋಟವಾದರೋ ಸುತ್ತಲಿನ ಶಿಲೆಯನ್ನು ಎಲ್ಲ ದಿಕ್ಕುಗಳಿಗೂ ಹೊರಕ್ಕೆ ನೂಕುತ್ತದೆ. ಈ ಭೇದವೇ ಪರಿಶೀಲನೆಗೆ ಆಧಾರ.

ಮೊದಲನೆಯ ಗುರುತು ಆಳ. ಭೂಕಂಪಗಳು ಸುಮಾರು 700 ಕಿಲೋಮೀಟರ್ ಆಳದವರೆಗೂ ಹುಟ್ಟಬಲ್ಲವು. ಮಾನವನು ಕೊರೆದಿರುವ ಅತ್ಯಂತ ಆಳವಾದ ರಂಧ್ರವು ಸುಮಾರು 12 ಕಿಲೋಮೀಟರ್ ಮಾತ್ರ. ಆದ್ದರಿಂದ ಬಹಳ ಆಳದ ಕಂಪನವು ಸ್ಫೋಟವಾಗಲಾರದು.

ಎರಡನೆಯದು ಮೊದಲ ಚಲನೆ. ಅತಿ ವೇಗವಾಗಿ ಬರುವ ಪ್ರಾಥಮಿಕ ಅಲೆಯು, ಸ್ಫೋಟವಾದಾಗ, ಎಲ್ಲ ನಿಲ್ದಾಣಗಳಲ್ಲಿಯೂ ನೆಲವನ್ನು ಮೊದಲು ಮೇಲಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ. ಆದರೆ ಕಂಪನ ಕ್ಷೀಣವಾಗಿದ್ದರೆ ನೆಲದ ನಿತ್ಯದ ಸಣ್ಣ ನಡುಕದಲ್ಲಿ ಈ ಚಲನೆ ಮುಚ್ಚಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಅನೇಕ ಮಾಪಕಗಳನ್ನು ಸಾಲಾಗಿ ನೆಟ್ಟು, ಅವುಗಳ ದಾಖಲೆಗಳನ್ನು ಹೊಂದಿಸಿ ಕೂಡಿಸುತ್ತಾರೆ. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಕೇಂದ್ರವು ಈ ಬಗೆಯದೇ.

ಮೂರನೆಯದು ಅಲೆಗಳ ಪ್ರಮಾಣ. ಸ್ಫೋಟದ ಮೂಲ ಚಿಕ್ಕದು, ಅವಧಿ ಅತ್ಯಲ್ಪ. ಆದಕಾರಣ ಅದು ಪ್ರಾಥಮಿಕ ಅಲೆಯನ್ನು ಬಲವಾಗಿ ಎಬ್ಬಿಸಿದರೂ, ಭೂಮಿಯ ಮೇಲ್ಪದರದಲ್ಲಿ ನಿಧಾನವಾಗಿ ಸಾಗುವ ದೀರ್ಘ ಅಲೆಗಳನ್ನು ದುರ್ಬಲವಾಗಿಯೇ ಎಬ್ಬಿಸುತ್ತದೆ. ಪ್ರಾಥಮಿಕ ಅಲೆ ಸಮನಾಗಿರುವ ಭೂಕಂಪದಲ್ಲಿ ಮೇಲ್ಮೈ ಅಲೆಗಳು ಬಹಳ ದೊಡ್ಡವು. ಈ ಎರಡರ ಹೋಲಿಕೆ ಅತ್ಯಂತ ನಂಬಿಕೆಯ ಒರೆಗಲ್ಲು.

ಒಂದು ಉದಾಹರಣೆ ನೋಡೋಣ. 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯದಲ್ಲಿ 6.3 ಪರಿಮಾಣದ ಕಂಪನ ದಾಖಲಾಯಿತು. ಅದು ಪರಮಾಣು ಸ್ಫೋಟ. ಸುಮಾರು ಎಂಟೂವರೆ ನಿಮಿಷಗಳ ಬಳಿಕ ಮತ್ತೊಂದು ಚಿಕ್ಕ ಕಂಪನ ಬಂದಿತು. ಅದು ಇನ್ನೊಂದು ಬಾಂಬೂ ಅಲ್ಲ, ಸಹಜ ಭೂಕಂಪವೂ ಅಲ್ಲ. ಸ್ಫೋಟದಿಂದ ಸಡಿಲಗೊಂಡ ನೆಲದ ಕುಸಿತ. ಹೊರಕ್ಕೆ ನೂಕುವುದು, ಜಾರುವುದು, ಒಳಕ್ಕೆ ಕುಸಿಯುವುದು—ಮೂರೂ ಅಲೆಗಳಲ್ಲಿ ತಮ್ಮ ತಮ್ಮ ಗುರುತನ್ನು ಬಿಡುತ್ತವೆ.

ಯಾವ ಗುರುತೂ ಒಂಟಿಯಾಗಿ ಸಾಲದು. ಹಲವು ನಿಲ್ದಾಣಗಳ ಸಾಕ್ಷ್ಯ ಒಂದಾದಾಗಲೇ ತೀರ್ಪು. ಗುಟ್ಟಾಗಿ ಬಾಂಬು ಸಿಡಿಸಿದವನನ್ನು ಹಿಡಿಯಲು ಮಾತ್ರವಲ್ಲ, ಸಹಜ ಭೂಕಂಪಕ್ಕಾಗಿ ಒಂದು ರಾಷ್ಟ್ರದ ಮೇಲೆ ಸುಳ್ಳು ಆರೋಪ ಬಾರದಿರಲೂ ಈ ಎಚ್ಚರ ಅಗತ್ಯ.